ಒಂದೇ ಬಿಡಾರ, ಎರಡು ನದಿಗಳು

ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿಯೆಂದು ಮನುಸ್ಮೃತಿಯು ಹೇಳುತ್ತದೆ. ರಜೆಯಲ್ಲಿ ಪ್ರವಾಸ ಹೊರಡುವ ಇಂದಿನ ಗೃಹಸ್ಥರು ಈ ಲಕ್ಷಣವನ್ನು ಅಕ್ಷರಶಃ ಪಾಲಿಸುವಂತೆ ತೋರುತ್ತದೆ. ಇಂದು ಒಂದೂರು, ನಾಳೆ ಮತ್ತೊಂದೂರು. ಪ್ರತಿ ಪ್ರಾತಃಕಾಲವೂ ಗಂಟುಮೂಟೆ ಕಟ್ಟುವ ಗಡಿಬಿಡಿ, ಪ್ರತಿ ಸಾಯಂಕಾಲವೂ ಹೊಸ ಕೋಣೆಯ ಹುಡುಕಾಟ. ಇಂತಹ ಸಂಚಾರದಲ್ಲಿ ಮನೆಯ ವೃದ್ಧರಿಗೆ ಸ್ಥಳವೆಲ್ಲಿ? "ನಮ್ಮಿಂದಾಗದು, ನೀವು ಹೋಗಿಬನ್ನಿ" ಎಂದು ಅವರು ಬಾಗಿಲಲ್ಲಿ ನಿಂತು ಎಲ್ಲರನ್ನೂ ಕಳುಹಿಸಿಕೊಡುತ್ತಾರೆ. ಆ ಮಾತಿನ ಹಿಂದಿರುವುದು ಬಹುಮಟ್ಟಿಗೆ ಸಂಕೋಚ.

ಇದಕ್ಕೆ ಪರಿಹಾರವುಂಟು. ಹಳ್ಳಿಯ ಅತಿಥಿಗೃಹವೊಂದನ್ನು ಬಿಡಾರ ಮಾಡಿಕೊಂಡು, ನಾಲ್ಕು ರಾತ್ರಿ ಅಲ್ಲಿಯೇ ನೆಲೆಸಿ, ಹಗಲಿನಲ್ಲಿ ಸುತ್ತಣ ಸ್ಥಳಗಳನ್ನು ಕಂಡು ಕತ್ತಲಾಗುವ ಮುನ್ನ ಹಿಂದಿರುಗುವುದು. ದಣಿದವರು ಒಂದು ದಿನ ಮನೆಯಲ್ಲಿ ಉಳಿದರೂ ಪ್ರವಾಸವೇನೂ ಕೆಡುವುದಿಲ್ಲ. ಉದಾಹರಣೆಗಾಗಿ ಶಿವಮೊಗ್ಗ ಜಿಲ್ಲೆಯ ಸಾಗರದ ಸೀಮೆಯನ್ನು ವಾಚಕರ ಮುಂದಿಡುತ್ತೇವೆ. ಎಪ್ಪತ್ತು ದಾಟಿದ ನಮ್ಮ ಅಕ್ಕನವರನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ನಾವು ಅಲ್ಲಿಯ ಅಡಕೆತೋಟದ ಅಂಚಿನ ಮನೆಯೊಂದರಲ್ಲಿ ತಂಗಿದ್ದೆವು. ಮೈಸೂರು, ಬೆಂಗಳೂರುಗಳಿಂದ ತಾಳಗುಪ್ಪಕ್ಕೆ ಹೋಗುವ ರೈಲು ಸಾಗರದಲ್ಲಿ ನಿಲ್ಲುತ್ತದೆ.

ಪ್ರವಾಸದ ಕ್ರಮವನ್ನು ಈ ಸೀಮೆಯ ನೆಲವೇ ಹೇಳಿಕೊಡುತ್ತದೆ. ತೀರ್ಥಹಳ್ಳಿಯ ಕಡೆಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಜೋಗದಲ್ಲಿ ಧುಮುಕಿ ಹೊನ್ನಾವರದ ಬಳಿ ಪಶ್ಚಿಮಸಮುದ್ರವನ್ನು ಸೇರುತ್ತದೆ. ಸಾಗರದ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದೆಯಾದರೋ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಪೂರ್ವಸಮುದ್ರಕ್ಕೆ ಸಲ್ಲುತ್ತದೆ. ಕೆಲವೇ ಹರಿದಾರಿಗಳ ಅಂತರದಲ್ಲಿ ಬಿದ್ದ ಎರಡು ಮಳೆಹನಿಗಳು ಹೀಗೆ ಎರಡು ಕಡಲುಗಳ ಪಾಲಾಗುತ್ತವೆ. ಆದುದರಿಂದ ದಿನಕ್ಕೊಂದು ನದಿಯೆಂದು ನಾವು ನಿಯಮ ಮಾಡಿಕೊಂಡೆವು.

ಬಂದ ದಿನ ದೂರ ಹೋಗಲಾಗದು. ಆ ದಿನಕ್ಕೆ ಇಕ್ಕೇರಿ, ಕೆಳದಿಗಳು ತಕ್ಕವು. ಎರಡೂ ಸಾಗರಕ್ಕೆ ಹತ್ತು ಕಿಲೋಮೀಟರಿನೊಳಗಿವೆ. ಕೆಳದಿಯ ನಾಯಕರು ಮೊದಲು ಕೆಳದಿಯಲ್ಲಿಯೂ ಬಳಿಕ ಇಕ್ಕೇರಿಯಲ್ಲಿಯೂ ಆಮೇಲೆ ಬಿದನೂರಿನಲ್ಲಿಯೂ ರಾಜಧಾನಿಯನ್ನಿಟ್ಟು, ೧೭೬೩ರಲ್ಲಿ ಹೈದರನು ಬಿದನೂರನ್ನು ಗೆಲ್ಲುವವರೆಗೆ ಆಳಿದರು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಎದುರಿನ ಬೃಹತ್ತಾದ ನಂದಿಯೂ, ಕೆಳದಿಯ ವೀರಭದ್ರ ದೇವಾಲಯದ ಭುವನೇಶ್ವರಿಯಲ್ಲಿ ಕೆತ್ತಿರುವ ಗಂಡಭೇರುಂಡವೂ ಮಕ್ಕಳ ಮನಸ್ಸನ್ನು ಬಹುವಾಗಿ ಸೆಳೆದುವು.

ಎರಡನೆಯ ದಿನ ವರದೆಯದು. ಬೆಳಗ್ಗೆ ವರದಾಮೂಲದ ಕೊಳವನ್ನು ಕಂಡು ಸೊರಬದ ಮಾರ್ಗವಾಗಿ ಬನವಾಸಿಗೆ ಹೋಗಬೇಕು. ದಾರಿ ೫೦ ಕಿಲೋಮೀಟರಿಗೆ ಕಡಿಮೆಯಿಲ್ಲವಾದುದರಿಂದ ಬುತ್ತಿಯನ್ನು ಕಟ್ಟಿಸಿಕೊಳ್ಳುವುದು ಲೇಸು. ಮುಂಜಾನೆ ಕೊಳದ ನೀರಾಗಿ ಕಂಡ ವರದೆಯು ಮಧ್ಯಾಹ್ನ ಕದಂಬರ ರಾಜಧಾನಿಯನ್ನು ಬಳಸಿ ಹರಿಯುವ ಹೊಳೆಯಾಗಿ ಎದುರಾಗುತ್ತದೆ. ಭೂಗೋಳದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪಾಧ್ಯಾಯನೂ ಹೇಳಲಾರನು. ಮಧುಕೇಶ್ವರನ ಪ್ರಾಕಾರದಲ್ಲಿ ಪ್ರಾಕೃತ ಶಾಸನವುಳ್ಳ ಪುರಾತನ ನಾಗಶಿಲೆಯೊಂದಿದೆ. ಪಂಪನ ಹೃದಯದಲ್ಲಿ ನೆಲೆಸಿದ್ದ ನಾಡು ಇದೇ ಎಂದು ನೆನೆದು ನಾವು ಸ್ವಲ್ಪ ಹೊತ್ತು ಹೊಳೆಯ ದಡದಲ್ಲಿ ಕುಳಿತೆವು.

ಅಂದು ಅಕ್ಕನವರು ಬಿಡಾರದಲ್ಲಿಯೇ ಉಳಿದಿದ್ದರು. ಮನೆಯ ಯಜಮಾನರ ತಾಯಿಯವರೂ ಅವರೂ ಸಮವಯಸ್ಕರು. ಇಬ್ಬರೂ ಜಗುಲಿಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತ ಹಗಲನ್ನು ಕಳೆದರಂತೆ. ಆ ತಾಯಿ ಹುಟ್ಟಿದ ಊರು ಶರಾವತಿಯ ತೀರದಲ್ಲಿತ್ತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಅವರ ಮನೆ, ಗದ್ದೆ, ತೋಟ, ದೇವಸ್ಥಾನಗಳೆಲ್ಲವೂ ಮುಳುಗಿದುವು. ಆಗ ಅವರು ಇನ್ನೂ ಲಂಗ ಉಡುವ ಹುಡುಗಿ. ಹೊರಡುವ ದಿನ ಅವರ ತಾಯಿ ಒಲೆಯನ್ನು ಸಾರಿಸಿ ರಂಗೋಲೆಯಿಟ್ಟು ಬಂದರೆಂಬುದನ್ನು ಅಕ್ಕನವರು ರಾತ್ರಿ ಊಟದ ಹೊತ್ತಿನಲ್ಲಿ ನಮಗೆ ತಿಳಿಸಿದರು. ಬನವಾಸಿಯಿಂದ ಮರಳಿದ್ದ ನಾವು ಹೇಳಬೇಕೆಂದಿದ್ದುದನ್ನು ಮರೆತು ಕೇಳುತ್ತ ಕುಳಿತೆವು.

ಮೂರನೆಯ ದಿನ ಶರಾವತಿಯದು. ಜೋಗವು ಸಾಗರದಿಂದ ಸುಮಾರು ೩೦ ಕಿಲೋಮೀಟರು. ೮೩೦ ಅಡಿ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್ಟುಗಳನ್ನು ಎದುರುದಡದಿಂದ ಕುಳಿತೇ ನೋಡಬಹುದಾದುದರಿಂದ ಅಕ್ಕನವರಿಗೆ ಶ್ರಮವಾಗಲಿಲ್ಲ. ಮಳೆಗಾಲದಲ್ಲಿ ಮಂಜು ಮುಸುಕಿ ಏನೂ ಕಾಣದಿರುವುದುಂಟು. ಒಂದೆರಡು ಗಂಟೆ ಕಾಯುವ ತಾಳ್ಮೆಯಿದ್ದರೆ ತೆರೆ ಸರಿಯುತ್ತದೆ. ಬೇಸಗೆಯಲ್ಲಿ ಅಣೆಕಟ್ಟಿನಿಂದಾಗಿ ನೀರು ಬಹಳ ಕೃಶವಾಗಿರುವುದು. ಮಳೆ ಹಿಂಜರಿಯುವ ಸೆಪ್ಟೆಂಬರ್ ಕೊನೆಯ ದಿನಗಳು ಕುಟುಂಬಸಮೇತ ಹೋಗುವವರಿಗೆ ಅನುಕೂಲ. ಆದರೂ ತೋಟದ ದಾರಿಯಲ್ಲಿ ಉಂಬಳದ ಕಾಟವನ್ನು ನಿರೀಕ್ಷಿಸಿಯೇ ಇರಬೇಕು.

ಮಧ್ಯಾಹ್ನ ಬಿಡಾರಕ್ಕೆ ಮರಳಿ, ಊಟಮಾಡಿ, ವಿಶ್ರಮಿಸಿ, ಇಳಿಹೊತ್ತಿನಲ್ಲಿ ಅಂಬಾರಗೊಡ್ಲಿನ ಕಡೆ ಹಿನ್ನೀರನ್ನು ನೋಡಲು ಹೋದೆವು. ಈ ಸಲ ಯಜಮಾನರ ತಾಯಿಯವರೂ ನಮ್ಮೊಡನೆ ಬಂದರು. ನೀರಿನಾಚೆಯ ಕಳಸವಳ್ಳಿ, ತುಮರಿಗಳ ಜನರು ದಶಕಗಳ ಕಾಲ ಲಾಂಚನ್ನೇ ನಂಬಿದ್ದರು. ೨೦೨೫ರ ಜುಲೈಯಲ್ಲಿ ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆಯು ಸಂಚಾರಕ್ಕೆ ತೆರೆಯಿತು. ಮುಳುಗಡೆಯಾದವರಲ್ಲಿ ಎಷ್ಟೋ ಕುಟುಂಬಗಳ ಭೂಮಿಯ ಹಕ್ಕು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ. ಆ ತಾಯಿ ನೀರಿನ ಒಂದು ದಿಕ್ಕಿಗೆ ಕೈತೋರಿ, "ನಮ್ಮೂರು ಅಲ್ಲೇ ಎಲ್ಲೋ ಆತು" ಎಂದರು. ಶರಾವತಿಯ ವಿದ್ಯುತ್ತಿನಿಂದ ನಮ್ಮ ಮನೆಯಲ್ಲಿ ದೀಪ ಉರಿಯುತ್ತದೆಂದು ಪಾಠದಲ್ಲಿ ಓದಿದ್ದ ನಮ್ಮ ಮೊಮ್ಮಗಳು ಅವರ ಕೈಯನ್ನು ಹಿಡಿದುಕೊಂಡು ಸುಮ್ಮನೆ ನಿಂತಳು.

ನಾಲ್ಕನೆಯ ದಿನವನ್ನು ಬರಿದಾಗಿಯೇ ಬಿಡಬೇಕೆಂದು ನಮ್ಮ ಸಲಹೆ. ಮಳೆಯಿಂದ ತಪ್ಪಿದ ಸ್ಥಳಕ್ಕೆ ಅದು ಒದಗುತ್ತದೆ. ಇಲ್ಲವಾದರೆ ತೋಟದಲ್ಲಿ ತಿರುಗಾಡುವುದಕ್ಕೂ ಗೃಹಿಣಿಯರು ತಂಬುಳಿಯ ಬಗೆಗಳನ್ನು ಕೇಳಿ ತಿಳಿಯುವುದಕ್ಕೂ ಆಗುತ್ತದೆ. ಊಟಕ್ಕೆ ಎಷ್ಟು ಜನ, ಹಿಂದಿರುಗುವುದು ಎಷ್ಟು ಗಂಟೆಗೆ ಎಂಬುದನ್ನು ಹಿಂದಿನ ರಾತ್ರಿಯೇ ಮನೆಯವರಿಗೆ ಹೇಳಿರಬೇಕು. ಹಣ ಕೊಟ್ಟು ತಂಗಿದ್ದರೂ ಅದು ಒಬ್ಬರ ಸಂಸಾರ. ಯಾರನ್ನು ಬಾಗಿಲಲ್ಲಿಯೇ ಬಿಟ್ಟು ಹೊರಡುವ ರೂಢಿಯಿದೆಯೋ ಅವರನ್ನು ಮೊದಲು ಕೇಳಿ, ಅವರ ಕಾಲಿನ ಶಕ್ತಿಯನ್ನು ಅಳತೆಯಾಗಿಟ್ಟುಕೊಂಡು ದಾರಿಯನ್ನು ಗೊತ್ತುಮಾಡಿರಿ. ಉಳಿದವರಿಗೆ ಅದರಿಂದ ಏನೂ ನಷ್ಟವಾಗದು.