ಹಡಗೇರಿ ಬಂದ ಗಡ್ಡೆ

ರೇಕ್ಯಾವಿಕ್ ಬಿಟ್ಟು ಐಸ್‌ಲ್ಯಾಂಡಿನ ವಾಯವ್ಯ ಮೂಲೆಯತ್ತ ಹೊರಟರೆ ದಾರಿ ನೇರವಾಗಿ ಸಾಗುವುದೇ ಇಲ್ಲ. ಕಡಲು ಬೆಟ್ಟಗಳ ನಡುವೆ ನುಗ್ಗಿದಲ್ಲೆಲ್ಲ ರಸ್ತೆಯೂ ಒಳಹೊಕ್ಕು, ಬಳಸಿಕೊಂಡು ಎದುರು ದಡಕ್ಕೆ ಬರುತ್ತದೆ. ಮರಗಳು ಅಪರೂಪ. ಕರಿಬಂಡೆ, ಅದರ ಮೇಲೆ ಮೆತ್ತನೆಯ ಪಾಚಿ, ಮುಖಕ್ಕೆ ರಾಚುವ ಉಪ್ಪುಗಾಳಿ. ರಾತ್ರಿ ಹತ್ತಾದರೂ ಆರದ ಜುಲೈ ಬೆಳಕಿನಲ್ಲಿ ಸೊಯ್ದ್‌ಲೊಯ್ಕ್ಸ್‌ದಾಲೂರ್ ಕಣಿವೆಗೆ ಇಳಿದೆ. ಜಲಪಾತ, ಜ್ವಾಲಾಮುಖಿ ನೋಡಲಿಕ್ಕಲ್ಲ, ಐಸ್‌ಲ್ಯಾಂಡಿಗರ ಆಲೂಗಡ್ಡೆಯ ತವರು ನೋಡಲಿಕ್ಕೆ!

ಒಂದು ಪುಟ್ಟ ಚರ್ಚು, ಒಂದು ಕೆರೆ, ಅದರಾಚೆ ಮರಳು. ಈ ದೇಶದಲ್ಲಿ ಮೊದಲು ಆಲೂಗಡ್ಡೆ ಬೆಳೆದವನು ಸ್ವೀಡನ್ನಿನ ಬ್ಯಾರನ್ ಹಾಸ್ತ್‌ಫೆರ್, 1758ರಲ್ಲಿ, ಈಗ ರಾಷ್ಟ್ರಾಧ್ಯಕ್ಷರ ನಿವಾಸವಿರುವ ಬೆಸ್ಸಾಸ್ತಾದಿರ್‌ನಲ್ಲಿ. 1760ರಲ್ಲಿ ಈ ಕಣಿವೆಯ ಪಾದ್ರಿ ಬ್ಯೋರ್ನ್ ಹಾಲ್ದೋರ್ಸನ್ ಕೂಡ ಬೆಳೆ ತೆಗೆದ. ಆಲೂಗಡ್ಡೆ ಬೆಳೆದ ಮೊದಲ ಐಸ್‌ಲ್ಯಾಂಡಿಗ ಅವನೇ. ಹಾರಿಬರುವ ಮರಳನ್ನು ತಡೆಯಲು ಊರವರನ್ನೆಲ್ಲ ದುಡಿಸಿ ಗೋಡೆ ಕಟ್ಟಿಸಿದ್ದನಂತೆ. ಜನ ಅದಕ್ಕೆ ಇಟ್ಟ ಹೆಸರು 'ಅನ್ಯಾಯಗಾರ'. ಪಾದ್ರಿಗೆ ಎದುರಾಡಲಾಗದ ಸಿಟ್ಟು ಗೋಡೆಯ ಮೇಲೆ ತೀರಿರಬೇಕು.

ಅಂದು ಊಟಕ್ಕೆ ಪ್ಲೊಕ್‌ಫಿಸ್ಕೂರ್: ಮೀನು, ಆಲೂಗಡ್ಡೆ, ಈರುಳ್ಳಿ ಕಲಸಿ ಬೇಯಿಸಿದ ಹಬೆಯಾಡುವ ಮುದ್ದೆ, ಜೊತೆಗೆ ಕಪ್ಪು ರೈ ರೊಟ್ಟಿ. ಅಲ್ಲಿ ಆಲೂಗಡ್ಡೆಗೆ 'ಕಾರ್ತಾಪ್ಲ' ಎನ್ನುತ್ತಾರೆ. ಬರೆಯುವಾಗ 'ಫ್ಲ', ಬಾಯಲ್ಲಿ 'ಪ್ಲ'. ನನಗೆ ಬೆರಗಾದದ್ದು ಇಲ್ಲೇ. ಕಂಪ್ಯೂಟರ್ ಬಂದಾಗ 'ಸಂಖ್ಯೆ' ಮತ್ತು 'ಕಣಿ ಹೇಳುವವಳು' ಎಂಬೆರಡು ಮಾತುಗಳನ್ನು ಬೆಸೆದು 'ತೋಲ್ವ' ಎಂದು ಸ್ವಂತ ಪದ ಕಟ್ಟಿದ ಜನ ಇವರು. ಆಲೂಗಡ್ಡೆಗೂ 'ಯಾರ್ದ್‌ಎಪ್ಲಿ', ಅಂದರೆ ಮಣ್ಣಿನ ಸೇಬು, ಎಂಬ ಚೆಂದದ ಹೆಸರು ಅವರಲ್ಲಿದೆ. ಆದರೂ ನಾಲಗೆಯಲ್ಲಿ ನಿಂತದ್ದು ಡೇನಿಶರ 'ಕಾರ್ತೊಫೆಲ್'. ಅದು ಜರ್ಮನ್ನಿನಿಂದ, ಜರ್ಮನ್ನಿಗೆ ಇಟಲಿಯಿಂದ ಬಂದದ್ದು. ಇಟಲಿಯವರು ನೆಲದಡಿಯ ಟ್ರಫಲ್ ಅಣಬೆಗೆ ಹೇಳುತ್ತಿದ್ದ 'ತಾರ್ತೂಫೊಲೊ' ಅದರ ಮೂಲ. ಜರ್ಮನರ ಬಾಯಲ್ಲಿ ಮೊದಲಿನ 'ತ' 'ಕ' ಆಯಿತು. ಇನ್ನೂ ಅಗೆದರೆ ಸಿಗುವುದು ಲ್ಯಾಟಿನ್ನಿನ 'ನೆಲದ ಗಡ್ಡೆ'!

1602ರಿಂದ 1787ರವರೆಗೆ ಐಸ್‌ಲ್ಯಾಂಡಿನ ವ್ಯಾಪಾರವೆಲ್ಲ ಡೆನ್ಮಾರ್ಕಿನ ಹಿಡಿತದಲ್ಲಿತ್ತು. ಹಿಟ್ಟು, ಕಬ್ಬಿಣ ಬಂದ ದಾರಿಯಲ್ಲೇ ಮಾತುಗಳೂ ಬಂದವು. ನಮ್ಮ ಕರಾವಳಿಯಲ್ಲಿ ಪೋರ್ಚುಗೀಸರ ಮಾತು 'ಬಟಾಟೆ'ಯಾಗಿ ಉಳಿದಿಲ್ಲವೇ, ಹಾಗೆ.

ಆಲೂಗಡ್ಡೆ ಬೆಳೆದ ಪಾದ್ರಿ ಬ್ಯೋರ್ನ್ ಬರಿಯ ಬೇಸಾಯಗಾರನಲ್ಲ, ನಿಘಂಟುಕಾರ ಕೂಡ. ಐಸ್‌ಲ್ಯಾಂಡಿಕ್ ಪದಗಳಿಗೆ ಲ್ಯಾಟಿನ್, ಡೇನಿಶ್ ಅರ್ಥ ಕೊಡುವ ಅವನ ಕೋಶವನ್ನು ಭಾಷಾವಿದ್ವಾಂಸ ರಾಸ್ಮುಸ್ ರಾಸ್ಕ್ 1814ರಲ್ಲಿ ಅಚ್ಚು ಹಾಕಿಸಿದ. ಪಾದ್ರಿ ತೀರಿಕೊಂಡು ಆಗಲೇ ಇಪ್ಪತ್ತು ವರ್ಷವಾಗಿತ್ತು.