ಎರೆಹೊಲದ ಊರಿಂದ ಅರಮನೆಯ ಅಂಗಳಕ್ಕೆ

ಕಲಬುರಗಿ ಜಿಲ್ಲೆ ತೊಗರಿಯ ನಾಡು. ಅಲ್ಲಿಯ ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಊರಿನಲ್ಲಿ ಹಲಗೆ, ಡೊಳ್ಳು, ಹಾರ್ಮೋನಿಯಂ ಎಂದರೆ ಮಕ್ಕಳಿಗೂ ಗೊತ್ತು. ಟ್ರಾಂಬೋನ್ ಎಂದರೆ? ಮದುವೆ ಬ್ಯಾಂಡಿನಲ್ಲಿ ಕಂಡವರಿಗೂ ಅದರ ಹೆಸರು ಗೊತ್ತಿರುವುದು ಅಪರೂಪ. ಅದನ್ನು ಊದಿ ಬದುಕು ಕಟ್ಟಿಕೊಳ್ಳಬಹುದೇ ಎಂದು ಮಗ ಕೇಳಿದರೆ ತಂದೆ ಏನು ಹೇಳಬೇಕು?

ಉತ್ತರ ಹುಡುಕಲು ಮೊದಲು ಮೈಸೂರಿಗೆ ಹೋಗಬೇಕು. ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ಪೊಲೀಸ್ ಬ್ಯಾಂಡ್ ನುಡಿಯುತ್ತದೆ. ಹಿತ್ತಾಳೆಯ ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತಾ ಊದುವವನೇ ಟ್ರಾಂಬೋನ್ ವಾದಕ. ತುಟಿ ಕಂಪಿಸಿದಾಗ ಕೊಳವೆಯೊಳಗಿನ ಗಾಳಿಯೂ ಕಂಪಿಸುತ್ತದೆ. ಕೊಳವೆ ಉದ್ದವಾದಂತೆ ಸ್ವರ ತಗ್ಗುತ್ತದೆ. ಜಾರುಕೊಳವೆಗೆ 7 ಸ್ಥಾನಗಳಿವೆ. ಒಂದೊಂದು ಸ್ಥಾನಕ್ಕೆ ಅರ್ಧ ಸ್ವರ ಇಳಿಯುತ್ತದೆ. ಸುಮಾರು 2.7 ಮೀಟರ್ ಇರುವ ಗಾಳಿಯ ದಾರಿ ಕೊನೆಯ ಸ್ಥಾನದಲ್ಲಿ 3.8 ಮೀಟರ್ ಆಗುತ್ತದೆ. ಸ್ಥಾನ ತೋರಿಸುವ ಗುರುತು ಇರುವುದಿಲ್ಲ, ಕಿವಿಯೇ ಅಳತೆಗೋಲು.

ಇದೇ ಅರಮನೆಯ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ಮಹಾಪೋಷಕರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಕೇಳಿಬಂದದ್ದು ಅವರ ನೆರವಿನಿಂದ. ಆ ಕೃತಿಯಲ್ಲಿ ಟ್ರಾಂಬೋನ್‌ಗಳು ಮೂರು.

ಆ ಮೂರು ಎಂಬ ಸಂಖ್ಯೆಯಲ್ಲೇ ಈ ವೃತ್ತಿಯ ಕಷ್ಟವಿದೆ. ಪಿಟೀಲುಗಳು ಹತ್ತಾರು ಇರುವ ಸಿಂಫನಿ ವಾದ್ಯವೃಂದದಲ್ಲಿ ಟ್ರಾಂಬೋನಿಗೆ ಸಾಮಾನ್ಯವಾಗಿ ಮೂರೇ ಕುರ್ಚಿ. ಸಿಕ್ಕ ಮೇಲೂ ಕಾಯುವ ಕೆಲಸ ತಪ್ಪದು. 1808ರಲ್ಲಿ ಮೊದಲು ನುಡಿಸಲಾದ ಬೀಥೋವನ್‌ನ ಐದನೆಯ ಸಿಂಫನಿಯಲ್ಲಿ ಟ್ರಾಂಬೋನ್ ದನಿ ಎತ್ತುವುದು ನಾಲ್ಕನೆಯ ಭಾಗದಲ್ಲಿ. ಅಲ್ಲಿಯವರೆಗೆ ಸುಮಾರು 20 ನಿಮಿಷ ಸುಮ್ಮನೆ ಕೂತಿರಬೇಕು. ಅಷ್ಟರಲ್ಲಿ ಕೊಳವೆ ತಣ್ಣಗಾಗಿರುತ್ತದೆ, ಶ್ರುತಿ ತುಸು ಇಳಿದಿರುತ್ತದೆ. ಆದರೂ ಮೊದಲ ಸ್ವರ ಸರಿಯಾಗಿಯೇ ಬರಬೇಕು.

ಹಾಗಾದರೆ ನಿಂಬರ್ಗಾದ ಹುಡುಗನಿಗೆ ದಾರಿ ಇಲ್ಲವೇ? ಇದೆ. ಒಂದು, ಪೊಲೀಸ್ ಬ್ಯಾಂಡ್. ಇನ್ನೊಂದು, ಸೇನೆಯ ಬ್ಯಾಂಡ್. ಅದರ ವಾದಕರಿಗೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ತರಬೇತಿ ಕೇಂದ್ರವಿದೆ. 1950ರಲ್ಲಿ ಅದು ಶುರುವಾದಾಗ ದಂಡನಾಯಕರಾಗಿದ್ದವರು ನಮ್ಮ ಕೊಡಗಿನ ಕಾರ್ಯಪ್ಪನವರು. ಮೂರನೆಯದು ಮುಂಬೈ. ಕಲಬುರಗಿಯಲ್ಲಿ ರೈಲು ಹತ್ತಿದರೆ ಸೊಲ್ಲಾಪುರ, ಪುಣೆ ದಾಟಿ ಅಲ್ಲಿಗೆ ತಲುಪಬಹುದು. 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇರುವುದು ಅಲ್ಲಿ. ಅದರಲ್ಲಿ ವಿದೇಶಿ ವಾದಕರು ಬಹಳ. ನಮ್ಮಲ್ಲಿ ಕಲಿಸುವವರು ಕಡಿಮೆ ಎಂಬುದೇ ಇದಕ್ಕೆ ಮುಖ್ಯ ಕಾರಣ.

ತಂದೆತಾಯಿ ಮಗನಿಗೆ ಬೇಡ ಎನ್ನಬೇಕಾಗಿಲ್ಲ. ಕುರ್ಚಿಗಳು ಎಷ್ಟು ಎಂಬುದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಪಿಯುಸಿ ಓದು ಸಾಗಲಿ, ದಿನಕ್ಕೊಂದು ಗಂಟೆ ಊದುವುದೂ ಸಾಗಲಿ. ಮುಂದಿನ ದಸರೆಗೆ ಒಮ್ಮೆ ಅವನನ್ನು ಮೈಸೂರಿಗೆ ಕರೆದೊಯ್ದು ಆ ಸಾಲಿನ ಮುಂದೆ ನಿಲ್ಲಿಸಲಿ.