ಅಳಿಯದೆ ಉಳಿದ ಸ್ಥಾನಗಳು

ಒಂದೇ ಗ್ರಂಥದ ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಕುಳಿತವರಿಗೆ ಪಾಠಾಂತರಗಳ ಪರಿಚಯವು ಬೇಗನೆ ಆಗುವುದು. ಒಂದರಲ್ಲಿ ಅಕ್ಷರಲೋಪ, ಮತ್ತೊಂದರಲ್ಲಿ ಪದವ್ಯತ್ಯಾಸ. ಇವುಗಳ ನಡುವೆಯೂ ಕೆಲವು ಸ್ಥಾನಗಳು ಎಲ್ಲ ಪ್ರತಿಗಳಲ್ಲಿ ಏಕರೂಪವಾಗಿರುವುವು. ಪಾಠಶಾಲೆಯಲ್ಲಿ ನಾನು ಕಲಿತ ಈ ತಾಳೆನೋಡುವ ಕ್ರಮವೇ ಜೀವಶಾಸ್ತ್ರದಲ್ಲಿಯೂ ನಡೆಯುತ್ತಿರುವುದೆಂಬುದು ನನಗೆ ಬಹಳ ಸಂತೋಷದ ಸಂಗತಿ.

ಪ್ರೋಟೀನುಗಳೆಂಬವು 20 ಬಗೆಯ ಅಮೈನೋ ಆಮ್ಲಗಳು ನಿಯತಕ್ರಮದಲ್ಲಿ ಕೂಡಿ ಆದ ಸರಗಳು. ಆ ಕ್ರಮವನ್ನು ವಿಧಿಸುವ ಬರಹವು ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಬರುವಾಗ ಅಲ್ಲಲ್ಲಿ ಸ್ಖಲನವಾಗುವುದು ಸಹಜ. ಸ್ಖಲನವು ಪ್ರೋಟೀನಿನ ಕಾರ್ಯವನ್ನು ಕೆಡಿಸದಿದ್ದರೆ ಉಳಿದೀತು. ಕೆಡಿಸಿದರೆ ಆ ಜೀವಿಯ ಸಂತತಿಯು ಕ್ಷೀಣಿಸಿ ಆ ಪಾಠವೂ ಅಳಿಯುವುದು. ಆದುದರಿಂದ ದೂರದೂರದ ಜೀವಿಗಳಲ್ಲಿಯೂ ಬದಲಾಗದೆ ನಿಂತ ಸ್ಥಾನವು ಆ ಪ್ರೋಟೀನಿನ ಮರ್ಮಸ್ಥಾನವೆಂದು ಊಹಿಸಲು ಅವಕಾಶವುಂಟು.

ಈ ವಿಚಾರವು ನನಗೆ ಕೇವಲ ಪುಸ್ತಕದ್ದಲ್ಲ. ವೈದಿಕ ವೃತ್ತಿಯವರಾಗಿದ್ದ ನನ್ನ ತೀರ್ಥರೂಪರು ಮಧುಮೇಹಪೀಡಿತರಾಗಿದ್ದರು. ಅಂದು ದೊರೆಯುತ್ತಿದ್ದ ಇನ್ಸುಲಿನ್ ದನ ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದುದು. ಅದನ್ನರಿತ ದಿನ ಅವರು ಸೂಜಿಯನ್ನು ನಿರಾಕರಿಸಿದರು. “ಪಶುವಿನ ರಸವು ಮನುಷ್ಯನ ಮೈಯಲ್ಲಿ ಹೇಗೆ ಕೆಲಸ ಮಾಡೀತು?” ಎಂದು ಕೇಳಿದರು. ಮರುದಿನ ತಾಯಿಯವರ ಕಣ್ಣೀರನ್ನು ನೋಡಲಾರದೆ, ಆಪದ್ಧರ್ಮವೆಂದು ಒಪ್ಪಿಕೊಂಡರು. ಆ ಬಳಿಕ ಹನ್ನೊಂದು ವರ್ಷ ಬದುಕಿದರು. ಅವರ ಪ್ರಶ್ನೆಗೆ ಆಗ ಉತ್ತರ ಕೊಡುವವರು ನಮ್ಮ ಮನೆಯಲ್ಲಿರಲಿಲ್ಲ.

ಉತ್ತರವಾದರೋ ಹೀಗಿದೆ. ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಎಂಬ ವಿದ್ವಾಂಸರು ದನದ ಇನ್ಸುಲಿನ್ನಿನ ಅಕ್ಷರಕ್ರಮವನ್ನು 1955ರ ಹೊತ್ತಿಗೆ ಪೂರ್ಣವಾಗಿ ಓದಿದರು. ಅದರಲ್ಲಿರುವುದು ಎರಡು ಸರಗಳು, ಒಟ್ಟು 51 ಸ್ಥಾನಗಳು. ಮನುಷ್ಯನದಕ್ಕೂ ದನದ್ದಕ್ಕೂ ಮೂರೇ ಸ್ಥಾನಗಳಲ್ಲಿ ಭೇದ, ಹಂದಿಯದಕ್ಕೆ ಒಂದೇ. ಆ ಒಂದಾದರೂ ಬಿ ಎಂಬ ಸರದ ಕಟ್ಟಕಡೆಯ 30ನೆಯ ಸ್ಥಾನದಲ್ಲಿದೆ. ಎರಡು ಸರಗಳನ್ನೂ ಬಿಗಿದು ಆಕಾರ ಕೊಡುವ ಆರು ಸಿಸ್ಟೀನುಗಳು, ನಮ್ಮಿಂದ ಸುಮಾರು 50 ಕೋಟಿ ವರ್ಷಗಳ ಹಿಂದೆಯೇ ಕವಲೊಡೆದ, ದವಡೆಯಿಲ್ಲದ ಹ್ಯಾಗ್ ಮೀನಿನಲ್ಲಿಯೂ ಹಾಗೆಯೇ ಇವೆ. ಅದೇ ಬಿ ಸರದ 24ನೆಯ ಫಿನೈಲಲನೀನೂ ಅಲ್ಲಿ ಬದಲಾಗಿಲ್ಲ.

ಉಳಿದುದೆಲ್ಲವೂ ಮರ್ಮವೆಂದು ಮಾತ್ರ ಅವಸರಪಡಲಾಗದು. ಒಂದೇ ಮಾತೃಕೆಯಿಂದ ನಿನ್ನೆ ಮೊನ್ನೆ ಇಳಿದ ಹತ್ತು ಪ್ರತಿಗಳು ಒಂದೇ ಸಾಕ್ಷಿಗೆ ಸಮ. ಚಿಂಪಾಂಜಿಯ ಇನ್ಸುಲಿನ್ನು ನಮ್ಮದರೊಡನೆ ಅಕ್ಷರಶಃ ಒಂದಾಗಿರುವುದು. ಅಷ್ಟರಿಂದಲೇ 51 ಸ್ಥಾನಗಳೂ ಅಲಂಘ್ಯವೆನ್ನಬಹುದೇ? ಕವಲೊಡೆದು ಕಾಲ ಸಾಲದು. ಸಾಕ್ಷಿಗಳ ಸಂಖ್ಯೆಗಿಂತಲೂ ಅವುಗಳ ದೂರವೇ ಇಲ್ಲಿ ಮುಖ್ಯ.

ದೂರದ ಸಾಕ್ಷಿ ದೊರೆತರೂ ಅದು ಅನುಮಾನಪ್ರಮಾಣ. ಪ್ರತ್ಯಕ್ಷವು ಬೇರೆಯೇ ಬೇಕು. ಅದೂ ದೊರಕಿತು. ಬಿ ಸರದ ಆ 24ನೆಯ ಸ್ಥಾನದಲ್ಲಿ ಫಿನೈಲಲನೀನಿಗೆ ಬದಲಾಗಿ ಸೆರೀನು ಕುಳಿತ ಇನ್ಸುಲಿನ್ನೊಂದು ಮಧುಮೇಹವುಳ್ಳ ಮನುಷ್ಯರಲ್ಲಿ ಕಂಡುಬಂದುದು 1983ರಲ್ಲಿ ಪ್ರಕಟವಾಯಿತು. ಆರು ಸ್ಥಾನ ಆಚೆಗೆ ಅಕ್ಷರ ಬದಲಾದ ಹಂದಿಯ ರಸವು ನಮ್ಮ ತಂದೆಯವರಂಥವರ ಜೀವವನ್ನು ಕಾಯುತ್ತಿತ್ತು. ಇಲ್ಲಿ ಬದಲಾದುದು ಮನುಷ್ಯನದೇ ಆದ ಇನ್ಸುಲಿನ್ನನ್ನು ದುರ್ಬಲಗೊಳಿಸಿತು. ಪಶುವಿನದೋ ಮನುಷ್ಯನದೋ ಎಂಬುದಕ್ಕಿಂತ, ಯಾವ ಅಕ್ಷರವು ಯಾವ ಸ್ಥಾನದಲ್ಲಿದೆ ಎಂಬುದನ್ನೇ ದೇಹವು ನೋಡುವುದು.